ಪಾಸಾಗಿ ಖಾಲಿಯಾದ ಶಾಲೆ

ನಮ್ಮ ಶಾಲೆ ಮಕ್ಕಳಿಲ್ಲದೆ ಸೊರಗಿತು ಎಂದರೆ ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಕಾರಣ ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾನ್ವೆಂಟು, ಇಂಗ್ಲಿಷು, ಹಳದಿ ವ್ಯಾನು ಅಂತ ಅವರೇ ಹೇಳಿ ಮುಗಿಸುತ್ತಾರೆ. ಸರ್ಕಾರಿ ಮೇಷ್ಟ್ರುಗಳು ಪಾಠ ಎಲ್ಲಿ ಮಾಡ್ತಾರೆ ಬಿಡಿ ಎಂದು ಒಂದು ಮಾತು ಸೇರಿಸುವವರೂ ಇದ್ದಾರೆ, ಅದೂ ನಾನು ಟೀಚರ್ ಅಂತ ಗೊತ್ತಿದ್ದೇ. ನಮ್ಮದು ಹಾಗೆ ಖಾಲಿಯಾದ ಶಾಲೆಯಲ್ಲ. ಮಕ್ಕಳು ಚೆನ್ನಾಗಿ ಓದಿದ್ದರಿಂದ ಖಾಲಿಯಾದ ಶಾಲೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ಊರು. ಊರಿನ ಹೆಸರು ಇಲ್ಲಿ ಬೇಡ. ನನ್ನ ಮನೆ ತರೀಕೆರೆಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಅಜ್ಜಂಪುರಕ್ಕೆ ಬಂದು, ಪರಿಚಯದವರ ಗೊಬ್ಬರದಂಗಡಿಯ ಪಕ್ಕ ನಿಲ್ಲಿಸಿದ್ದ ಸ್ಕೂಟರ್ ತೆಗೆದುಕೊಂಡು ಹೋಗುತ್ತಿದ್ದೆ. ಈರುಳ್ಳಿ ಕೀಳುವ ಕಾಲದಲ್ಲಿ ದಾರಿಯುದ್ದಕ್ಕೂ ಅದೇ ಘಾಟು. ಒಂದರಿಂದ ಏಳನೇ ತರಗತಿಯವರೆಗಿನ ಹಿರಿಯ ಪ್ರಾಥಮಿಕ ಶಾಲೆ ಅದು. ಹೆಡ್ ಮೇಷ್ಟ್ರು, ನಾನು, ಇನ್ನಿಬ್ಬರು ಟೀಚರುಗಳು. ಹೆಂಚಿನ ಎರಡು ಹಳೆಯ ಕೋಣೆ, ಆರ್‌ಸಿಸಿಯ ಎರಡು ಹೊಸ ಕೋಣೆ. ಮಳೆ ಬಂದರೆ ಸೋರುತ್ತಿದ್ದದ್ದು ಹೊಸದು.

ಆ ಊರಿನವರಿಗೆ ಶಾಲೆಯ ಮೇಲೆ ಮೊದಲಿನಿಂದಲೂ ಪ್ರೀತಿ ಇತ್ತು. ಇದನ್ನು ಒಪ್ಪಿಕೊಳ್ಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಿಸಿಯೂಟಕ್ಕೆ ಸೊಪ್ಪು ತರಕಾರಿ ತಂದು ಕೊಡುತ್ತಿದ್ದರು. ಮನೆಯಲ್ಲಿ ಹಬ್ಬ ಆದರೆ ಟೀಚರುಗಳಿಗೆ ಒಬ್ಬಟ್ಟು ಬರುತ್ತಿತ್ತು. ಕಾಂಪೌಂಡು ಬಿದ್ದಾಗ ಇಲಾಖೆ ಕಡೆ ನೋಡದೆ ಊರವರೇ ಕಲ್ಲು ಹೊತ್ತರು. ಇಂಥ ಊರಿಗೆ ಏನಾದರೂ ಮಾಡಬೇಕು ಅಂತ ನನಗೂ ಹುರುಪು ಬಂತು. ಆ ಹುರುಪಿನಲ್ಲಿ ಹಿಡಿದದ್ದು ವಸತಿ ಶಾಲೆಯ ಪರೀಕ್ಷೆ.

ಗೊತ್ತಿಲ್ಲದವರಿಗೆ ಹೇಳಬೇಕು. ಸರ್ಕಾರವೇ ನಡೆಸುವ ವಸತಿ ಶಾಲೆಗಳಿವೆ. ಆರನೇ ತರಗತಿಗೆ ಅಲ್ಲಿ ಸೇರಬೇಕಾದರೆ ಐದರಲ್ಲಿರುವಾಗಲೇ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾಗಿ ಸೀಟು ಸಿಕ್ಕಿತೆಂದರೆ ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಸರ್ಕಾರದ್ದು. ಹತ್ತನೇ ತರಗತಿಯವರೆಗೆ ತಂದೆತಾಯಿ ನಿಶ್ಚಿಂತೆ. ಕೂಲಿ ಮಾಡುವ ಮನೆಗೆ ಅದು ಲಾಟರಿ ಹೊಡೆದ ಹಾಗೆಯೇ. ಉತ್ತರ ಬರೆಯುವ ಪರೀಕ್ಷೆಯಲ್ಲ ಅದು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಸೊನ್ನೆಗಳಿರುತ್ತವೆ, ಸರಿಯುತ್ತರದ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ಒಂದಿಷ್ಟು ಆಚೆ ಹೋದರೂ ಮಿಷನ್ನು ಒಪ್ಪುವುದಿಲ್ಲ.

ಹಳ್ಳಿಯ ಮಕ್ಕಳು ಉತ್ತರ ಗೊತ್ತಿದ್ದೂ ಸೋಲುತ್ತಿದ್ದದ್ದು ಈ ಸೊನ್ನೆಯಲ್ಲಿ. ಪೆನ್ನು ಒತ್ತಿ ಹಾಳೆ ಹರಿಯುತ್ತಿದ್ದರು, ಇಲ್ಲವೇ ಟಿಕ್ ಹಾಕಿ ಬರುತ್ತಿದ್ದರು. ನಾನು ರಂಗೋಲಿ ಹಿಟ್ಟು ತರಿಸಿದೆ. ಶಾಲೆಯ ಜಗಲಿಯ ಮೇಲೆ ಸಾಲಾಗಿ ಸೊನ್ನೆ ಬರೆದು, ಗೆರೆ ದಾಟದಂತೆ ತುಂಬಿಸಿ ಅಂದೆ. ಹೆಣ್ಣುಮಕ್ಕಳು ಒಂದೇ ಸಲಕ್ಕೆ ಕಲಿತರು, ಗಂಡುಮಕ್ಕಳು ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ಕಲಿತರು. ಆಮೇಲೆ ಕಾಗದ, ಆಮೇಲೆ ಗಡಿಯಾರ ಇಟ್ಟು ಓಟ. ಸಂಜೆ ಶಾಲೆ ಬಿಟ್ಟ ಮೇಲೆಯೂ ಕೂರಿಸುತ್ತಿದ್ದೆ. ಕೊನೆಯ ಬಸ್ಸು ತಪ್ಪಿ ಅಜ್ಜಂಪುರದಲ್ಲಿ ಗೆಳತಿಯ ಮನೆಯಲ್ಲಿ ಮಲಗಿದ್ದೂ ಉಂಟು.

ಮೊದಲ ವರ್ಷ ಇಬ್ಬರು ಪಾಸಾದರು. ಊರು ಕುಣಿಯಿತು. ಬಸ್ ಸ್ಟಾಪಿನಲ್ಲಿ ಇಬ್ಬರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು, ಕೆಳಗೆ ಹೆಡ್ ಮೇಷ್ಟ್ರ ಫೋಟೋ, ನನ್ನದು. ಮರುವರ್ಷ ಐದನೇ ತರಗತಿಯ ಅರ್ಧ ಪಾಲು ಮಕ್ಕಳು ಪಾಸಾದರು. ಅದರ ಮರುವರ್ಷ ಅದಕ್ಕೂ ಹೆಚ್ಚು. ಫ್ಲೆಕ್ಸು ಉದ್ದವಾಗುತ್ತಾ ಹೋಯಿತು. ಅಕ್ಕಪಕ್ಕದ ಊರಿನವರು, ಕಾನ್ವೆಂಟಿನಿಂದಲೂ ಬಿಡಿಸಿಕೊಂಡು, ಮಕ್ಕಳನ್ನು ನಮ್ಮಲ್ಲಿಗೆ ತಂದು ಸೇರಿಸತೊಡಗಿದರು. ಆದರೆ ಸೇರಿಸುತ್ತಿದ್ದದ್ದು ಐದನೇ ತರಗತಿಗೆ ಮಾತ್ರ. ಹೆಡ್ ಮೇಷ್ಟ್ರು ದಾಖಲಾತಿ ಏರಿತು ಅಂತ ಮೀಸೆ ತಿರುವಿದರು. ನಮ್ಮ ಶಾಲೆ ಕೋಳಿ ನುಂಗಿದ ಹೆಬ್ಬಾವಿನ ಹಾಗಾಯಿತು, ನಡುವೆ ಮಾತ್ರ ದಪ್ಪ.

ಜೂನ್ ಬಂದಾಗ ನಿಜ ತಿಳಿಯುತ್ತಿತ್ತು. ಪಾಸಾದವರು ಟ್ರಂಕು ಹಿಡಿದು ವಸತಿ ಶಾಲೆಗಳಿಗೆ ಹೋದರು. ಪರ ಊರಿನಿಂದ ಬಂದವರು ಪಾಸಾಗದಿದ್ದರೂ ವಾಪಸ್ ಹೋದರು, ಅವರು ಬಂದದ್ದೇ ಅಷ್ಟಕ್ಕೆ. ಆರನೇ ತರಗತಿಯಲ್ಲಿ ಉಳಿಯುತ್ತಿದ್ದದ್ದು ಬೆರಳೆಣಿಕೆಯ ಮಕ್ಕಳು. ಅವರೂ ವರ್ಷ ತುಂಬುವುದರೊಳಗೆ ಸೋದರಮಾವನ ಮನೆ, ಬೀರೂರಿನ ಚಿಕ್ಕಮ್ಮನ ಮನೆ ಅಂತ ಕಾರಣ ಹುಡುಕಿ ಜಾರುತ್ತಿದ್ದರು. ಪಾಪ, ಅವರ ಮೇಲೆ ಕೋಪವಿಲ್ಲ. ಊರಿನಲ್ಲಿ ಅವರಿಗೆ ಒಂದು ಹೆಸರು ಬಿದ್ದಿತ್ತು, ಉಳಿದೋರು ಅಂತ. ಯಾರ ಮಗ ಎಂದು ಕೇಳಿದರೆ, ಅವನಾ, ಉಳಿದೋನು ಎನ್ನುತ್ತಿದ್ದರು. ಹತ್ತು ವರ್ಷದ ಮಗುವಿಗೆ ಊರೇ ಸೇರಿ ಹಣೆಬರಹ ಬರೆದುಬಿಟ್ಟಿತ್ತು. ಅದಕ್ಕೆ ಮೊದಲು ಆ ಊರಿನಲ್ಲಿ ಯಾವ ಮಗುವನ್ನೂ ದಡ್ಡ ಎಂದು ಯಾರೂ ಅಳೆದಿರಲಿಲ್ಲ. ಮಳೆಗಾಲದಲ್ಲಿ ಶಾಲೆ ತಪ್ಪಿಸುವವರು, ತಪ್ಪಿಸದವರು, ಇಷ್ಟೇ ಭೇದ ಇದ್ದದ್ದು.

ಇನ್ನು ಆ ಹುಡುಗಿಯ ವಿಷಯ. ಅವಳ ಅಪ್ಪ ಅಮ್ಮ ಹೆಬ್ಬೆ ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು, ಅಲ್ಲೇ ಲೈನ್ ಮನೆಯಲ್ಲಿ ವಾಸ. ಹಬ್ಬಕ್ಕೋ ಮದುವೆಗೋ ಊರಿಗೆ ಬರುತ್ತಿದ್ದರು. ಓದು ಕೆಡಬಾರದೆಂದು ಹುಡುಗಿಯನ್ನು ಊರಿನಲ್ಲೇ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಜ್ಜಿ ಗಟ್ಟಿ ಹೆಂಗಸು, ನಾಲ್ಕು ಕುರಿ ಸಾಕಿಕೊಂಡು, ಸೊಪ್ಪು ಬೆಳೆದು ಅಜ್ಜಂಪುರದ ಸಂತೆಗೆ ಹಾಕುತ್ತಿದ್ದಳು. ಮೊಮ್ಮಗಳು ಐದನೇ ತರಗತಿಗೆ ಬಂದಾಗ ನನಗೆ ಗೊತ್ತಾಯಿತು, ಇಂಥ ಮಗು ಟೀಚರಿಗೆ ಪದೇ ಪದೇ ಸಿಗುವುದಿಲ್ಲ ಅಂತ. ಲೆಕ್ಕ ಕೊಟ್ಟರೆ ಉತ್ತರ ಹೇಳುವ ಮೊದಲು ಒಂದು ಸಲ ನಗುತ್ತಿದ್ದಳು. ಆ ನಗೆ ಬಂತೆಂದರೆ ಉತ್ತರ ಸರಿ ಎಂದೇ ಅರ್ಥ. ಅವಳು ತುಂಬಿದ ಸೊನ್ನೆಗಳು ಅಚ್ಚು ಒತ್ತಿದ ಹಾಗೆ ಇರುತ್ತಿದ್ದವು. ಆ ವರ್ಷ ಯಾರು ಪಾಸಾದರೂ ಬಿಟ್ಟರೂ ಇವಳಂತೂ ಪಾಸು ಅಂತ ನಾನು ಅಡುಗೆಯವರ ಹತ್ತಿರವೂ ಹೇಳಿಕೊಂಡು ತಿರುಗಿದೆ.

ಆ ಚಳಿಗಾಲದಲ್ಲಿ ಒಂದು ದಿನ ಸಿಆರ್‌ಪಿ ಬಂದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿ ಅವರು, ತಾವೂ ಹಿಂದೆ ಮೇಷ್ಟ್ರಾಗಿದ್ದವರು. ಕೆಟ್ಟವರಲ್ಲ, ಆದರೆ ಬಾಯಿ ಸಡಿಲ. ಆರನೇ ತರಗತಿ, ಏಳನೇ ತರಗತಿಯ ಹಾಜರಿ ನೋಡಿ ತಲೆ ಕೆರೆದುಕೊಂಡರು. ಹೀಗೇ ಆದರೆ ಮೇಲಿನವರು ಎರಡೂ ತರಗತಿಗಳನ್ನು ಪಕ್ಕದೂರಿನ ಶಾಲೆಗೆ ಸೇರಿಸುತ್ತಾರೆ, ನಮ್ಮದು ಐದನೆಯವರೆಗಿನ ಕಿರಿಯ ಶಾಲೆಯಾಗುತ್ತದೆ ಎಂದರು. ಆಮೇಲೆ ನನ್ನ ಐದನೇ ತರಗತಿಗೆ ಬಂದು, ಮಕ್ಕಳನ್ನು ನಗಿಸಲೆಂದೋ ಏನೋ, ಕೈಕಟ್ಟಿ ನಿಂತು ಹೇಳಿದರು:

“ಎಲ್ರೂ ಪಾಸಾಗಿ ಹೊಂಟೋದ್ರೆ ನಿಮ್ಮ ಶಾಲೆ ಮುಚ್ಕೊಂಡು ಹೋಗುತ್ತೆ ಕಣ್ರೋ. ಒಬ್ಬರಾದ್ರೂ ಉಳ್ಕೊಳ್ಳಿ. ಒಂದು ಮಗು ಇದ್ರೂ ಕ್ಲಾಸ್ ಮುಚ್ಚಕ್ಕೆ ಬರಲ್ಲ.”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಹೆಡ್ ಮೇಷ್ಟ್ರಿಗೆ ಆ ಮಾತು ಬಹಳ ಹಿಡಿಸಿತು, ಮುಂದೆ ಪ್ರಾರ್ಥನೆಯ ಹೊತ್ತಿನಲ್ಲಿ ಅವರೂ ಅದನ್ನೇ ಹೇಳತೊಡಗಿದರು. ಒಬ್ಬರಾದರೂ ಉಳೀರಪ್ಪ, ಇಲ್ಲದಿದ್ದರೆ ಆರನೇ ಕ್ಲಾಸಿನಲ್ಲಿ ನಾನೇ ಕೂತು ಪಾಠ ಕೇಳಬೇಕು ಎನ್ನುತ್ತಿದ್ದರು. ದೊಡ್ಡವರು ತಮಾಷೆ ಮಾಡಿದರೆ ದೊಡ್ಡವರಿಗೆ ಮಾತ್ರ ಅದು ತಮಾಷೆ ಅಂತ ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆ ಕಡೂರಿನಲ್ಲಿತ್ತು. ಊರಿನವರು ಒಂದು ಟೆಂಪೋ ಮಾಡಿ ಮಕ್ಕಳನ್ನೆಲ್ಲ ಕರೆದುಕೊಂಡು ಬಂದರು, ನಾನು ನೇರ ಅಲ್ಲಿಗೆ ಹೋಗಿದ್ದೆ. ಹುಡುಗಿ ಎರಡು ಜಡೆಗೆ ಹೊಸ ಟೇಪು ಕಟ್ಟಿಸಿಕೊಂಡು ಬಂದಿದ್ದಳು. ಅಜ್ಜಿ ಊರಮ್ಮನ ಕುಂಕುಮ ಇಟ್ಟು ಕಳಿಸಿದ್ದಳು. ಹೊರಗೆ ಬಂದಾಗ ಹೇಗಿತ್ತು ಅಂತ ಕೇಳಿದೆ. ಚೆನ್ನಾಗಿತ್ತು ಮಿಸ್ ಎಂದಳು. ಎಲ್ಲವನ್ನೂ ತುಂಬಿದೆಯಾ ಎಂದರೆ ಎಲ್ಲವನ್ನೂ ತುಂಬಿದೆ ಎಂದಳು. ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಫಲಿತಾಂಶ ಬಂತು. ಆ ವರ್ಷ ನಮ್ಮ ಶಾಲೆಯಿಂದ ಪಾಸಾದವರು ಹಿಂದೆಂದಿಗಿಂತ ಹೆಚ್ಚು. ಅವಳ ನಂಬರು ಮಾತ್ರ ಇರಲಿಲ್ಲ. ನಾನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ನೋಡಿದೆ. ಅಂಕ ನೋಡಿದರೆ, ಕಣ್ಣುಮುಚ್ಚಿ ತುಂಬಿದರೂ ಅಷ್ಟು ಬರಬೇಕು, ಅಷ್ಟೇ ಬಂದಿತ್ತು. ಮಿಷನ್ನು ತಪ್ಪು ಓದಿದೆ, ಅರ್ಜಿ ಹಾಕೋಣ ಎಂದೆ. ಹುಡುಗಿ ಬೇಡ ಮಿಸ್ ಎಂದಳು, ಕಾಲಬೆರಳಿನಿಂದ ಮಣ್ಣು ಕೆರೆಯುತ್ತಾ. ಸೋತ ಮಗುವಿನ ಸಂಕೋಚ ಎಂದುಕೊಂಡು ನಾನು ಒತ್ತಾಯ ಮಾಡಲಿಲ್ಲ. ಅಜ್ಜಿ ಮಾತ್ರ ಅಂದು ಸಂಜೆ ಜಗಲಿಯ ಮೇಲೆ ಕೂತು, ನಮ್ಮ ತಲೆಗೆ ಅಷ್ಟೇ ಬಿಡಿ ಟೀಚರಮ್ಮ, ಕೂಲಿ ಮಾಡೋರ ಮನೆಗೆ ಎಲ್ಲಿಂದ ಬರಬೇಕು ವಿದ್ಯೆ ಎಂದು ತಾನೇ ನನಗೆ ಸಮಾಧಾನ ಹೇಳಿದಳು.

ಆಗಲೇ ನನಗೆ ದಿಗಿಲು ಹತ್ತಿತ್ತು. ಏಳನೇ ತರಗತಿ ಪೂರ್ತಿ ಖಾಲಿ, ಆರಕ್ಕೆ ಉಳಿಯುವವರು ಈ ಹುಡುಗಿ ಮತ್ತು ಇನ್ನೊಬ್ಬ ಹುಡುಗ. ಪಾಸಾದವರ ಮನೆಗಳಿಗೆ ಹೋಗಿ, ಇಬ್ಬರು ಮೂವರಾದರೂ ಇಲ್ಲೇ ಇರಿಸಿ, ನಾನು ಚೆನ್ನಾಗಿ ಓದಿಸುತ್ತೇನೆ ಎಂದು ಕೇಳಿಕೊಂಡೆ. ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು, ಕುಂಕುಮ ಕೊಟ್ಟರು. ಒಬ್ಬ ತಂದೆ, ಈರುಳ್ಳಿ ವ್ಯಾಪಾರದವನು, ನನಗೆ ಎಷ್ಟೋ ಸಲ ಸಹಾಯ ಮಾಡಿದ್ದವನು, ಮಾತ್ರ ಎದುರಿಗೇ ಹೇಳಿದ.

“ಹಾರೋದು ಕಲ್ಸಿದೋರೂ ನೀವೇ, ಈಗ ರೆಕ್ಕೆ ಮಡಚ್ಕೊಂಡು ಕೂತ್ಕೊ ಅನ್ನೋರೂ ನೀವೇ. ನಿಮ್ಮ ಮಗು ಆಗಿದ್ರೆ ಇಲ್ಲೇ ಬಿಡ್ತಿದ್ರಾ ಟೀಚರೆ?”

ಬಿಡುತ್ತಿರಲಿಲ್ಲ. ಯಾರು ಬಿಡುತ್ತಾರೆ? ಅವನ ಮೇಲೆ ಆಗ ಬಂದ ಸಿಟ್ಟು ಇನ್ನೂ ಇದೆ, ಅವನ ಮಾತು ಸರಿ ಇದ್ದದ್ದಕ್ಕೇ ಇದೆ.

ಜೂನಿನಲ್ಲಿ ಆರನೇ ತರಗತಿ ಶುರುವಾಯಿತು. ಇಬ್ಬರು ಮಕ್ಕಳು. ಹುಡುಗನಿಗೆ ಮನಸ್ಸಿರಲಿಲ್ಲ, ಹುಡುಗಿ ಮಾತ್ರ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕೋಣೆ ಗುಡಿಸಿ, ಬೋರ್ಡು ಒರೆಸಿ, ಮುಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ಅಷ್ಟು ಖುಷಿಯಾಗಿ ಕೂತ ಮಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಫೇಲಾಗಿ ಬಂದವಳ ಮುಖವಲ್ಲ ಅದು. ಒಂದು ಮಳೆಯ ದಿನ ಪಾಠ ಮಾಡಲು ಬೇಜಾರಾಗಿ ಅವಳ ಕೈಗೆ ಹಿಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಟ್ಟೆ. ಗಂಟೆ ಹೊಡೆಯುವ ಮೊದಲೇ ಮುಗಿಸಿದಳು. ಎರಡೋ ಮೂರೋ ತಪ್ಪು, ಅಷ್ಟೇ. ಇದನ್ನೇ ಅಲ್ಲಿ ಮಾಡುವುದಕ್ಕೆ ನಿನಗೆ ಏನು ಬಂದಿತ್ತೇ ಎಂದು ರೇಗಿದೆ. ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡುತ್ತಾ ನಿಂತಿದ್ದಳು.

ಆದೇಶ ಬಂದದ್ದು ಶ್ರಾವಣದ ಹೊತ್ತಿಗೆ. ಆರು ಮತ್ತು ಏಳನೇ ತರಗತಿಯನ್ನು ಪಕ್ಕದೂರಿನ ಶಾಲೆಗೆ ವಿಲೀನ ಮಾಡಿದ್ದಾರೆ, ಮಕ್ಕಳ ಟಿ.ಸಿ. ಕೊಟ್ಟು ಕಳಿಸಬೇಕು. ಮಕ್ಕಳ ಸಂಖ್ಯೆ ನೋಡಿದರೆ ಶಿಕ್ಷಕರು ಹೆಚ್ಚು, ಆದ್ದರಿಂದ ನಾನು ಹೆಚ್ಚುವರಿ, ನನಗೆ ಬೇರೆ ಕಡೆ ಜಾಗ. ಅದೇ ವಾರ ಇನ್ನೊಂದು ಸುದ್ದಿಯೂ ಬಂತು. ಪ್ರವೇಶ ಪರೀಕ್ಷೆಯ ಸಾಧನೆಗಾಗಿ ನಮ್ಮ ಶಾಲೆಗೆ ಪ್ರಶಸ್ತಿ. ಶಾಲು, ಹಾರ, ಗಾಜಿನ ಒಂದು ಫಲಕ. ಹೆಡ್ ಮೇಷ್ಟ್ರು ಫಲಕವನ್ನು ತಂದು ಮೇಜಿನ ಮೇಲೆ ಇಟ್ಟರು. ವಿಲೀನದ ಕಾಗದ ಗಾಳಿಗೆ ಹಾರದಿರಲೆಂದು ಅದನ್ನೇ ಅದರ ಮೇಲೆ ಹೇರಿದರು. ಬೇಕೆಂದು ಮಾಡಿದ್ದಲ್ಲ. ಫ್ಯಾನು ಜೋರಾಗಿತ್ತು, ಕೈಗೆ ಸಿಕ್ಕಿದ್ದು ಅದೇ.

ಮಕ್ಕಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗ, ನಮ್ಮಪ್ಪ ಅಜ್ಜಂಪುರದ ಕಾನ್ವೆಂಟಿಗೆ ಬೈಕಿನಲ್ಲಿ ಬಿಡ್ತೀನಿ ಅಂದಿದ್ದಾರೆ ಮಿಸ್ ಎಂದು ನಿರಾಳವಾಗಿ ಬ್ಯಾಗು ಎತ್ತಿಕೊಂಡ. ಹುಡುಗಿ ಏಳಲಿಲ್ಲ. ಒಬ್ಬರಿದ್ದರೂ ಮುಚ್ಚುವುದಿಲ್ಲ ಅಂತ ಆ ಸಾರ್ ಹೇಳಿದ್ದರಲ್ಲ ಎಂದಳು. ಅವರು ಸುಮ್ಮನೆ ಹೇಳಿದ್ದು ಎಂದೆ. ಹೆಡ್ ಮೇಷ್ಟ್ರೂ ಹೇಳಿದ್ದರು ಎಂದಳು. ಅದೂ ಸುಮ್ಮನೆ ಹೇಳಿದ್ದೇ ಎಂದೆ. ಆಗ ಅವಳಿಗೆ ಸಿಟ್ಟು ಬಂತು. ಅಳುವಲ್ಲ, ಸಿಟ್ಟು. ಕಡೂರಿನ ಪರೀಕ್ಷಾ ಕೋಣೆಯಲ್ಲಿ ಕೂತು, ಮೇಲಿನಿಂದ ಕೆಳಗಿನವರೆಗೆ ಎಲ್ಲ ಪ್ರಶ್ನೆಗೂ ಎರಡನೆಯ ಸೊನ್ನೆಯನ್ನೇ ತುಂಬಿಕೊಂಡು ಬಂದಿದ್ದಳಂತೆ. ಖಾಲಿ ಬಿಟ್ಟರೆ ಮೇಲ್ವಿಚಾರಕರು ಬೈಯುತ್ತಾರೆ ಎಂದು ಹಾಗೆ ಮಾಡಿದ್ದಂತೆ. ಒಂದೂ ಗೆರೆ ದಾಟದ ಹಾಗೆ ತುಂಬಿದೆ ಮಿಸ್ ಎಂದಳು.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

“ಯಾರಾದ್ರೂ ಒಬ್ರು ಇರ್ಬೇಕಿತ್ತಲ್ಲ ಮಿಸ್.”

ಇಷ್ಟು ಹೇಳಿ ತಲೆ ಬಗ್ಗಿಸಿದಳು. ಪಾಸಾದವರ ಮೇಲೆ ಹೊಟ್ಟೆಕಿಚ್ಚಿಲ್ಲ, ತಾನು ದೊಡ್ಡ ಕೆಲಸ ಮಾಡಿದೆ ಎಂಬ ಭಾವವೂ ಇಲ್ಲ. ಮನೆಯಲ್ಲಿ ಎಲ್ಲರೂ ಜಾತ್ರೆಗೆ ಹೊರಟರೆ ಬಾಗಿಲು ಕಾಯಲು ಒಬ್ಬರು ಉಳಿಯುತ್ತಾರಲ್ಲ, ಹಾಗೆ ಉಳಿದಿದ್ದಳು. ನನಗೆ ಸಿಆರ್‌ಪಿಯ ಮೇಲೆ, ಹೆಡ್ ಮೇಷ್ಟ್ರ ಮೇಲೆ, ಫ್ಲೆಕ್ಸಿನ ಮೇಲೆ, ಆ ಗಾಜಿನ ಫಲಕದ ಮೇಲೆ ಒಟ್ಟಿಗೇ ಸಿಟ್ಟು ಬಂತು. ಹೆಡ್ ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಏನ್ ಮಾಡೋದು ಮೇಡಂ, ಮಕ್ಕಳು ಎಲ್ಲವನ್ನೂ ನಿಜ ಅಂದ್ಕೊಂಡ್ಬಿಡ್ತಾವೆ ಎಂದರು. ಆಮೇಲೆ ಟಿ.ಸಿ.ಗೆ ಸಹಿ ಹಾಕಿದರು.

ಪಕ್ಕದೂರಿನ ಶಾಲೆಗೆ ಕೆರೆ ಏರಿ ದಾಟಿ, ದೊಡ್ಡ ರಸ್ತೆ ದಾಟಿ ನಡೆಯಬೇಕು. ಆ ದಾರಿಗೆ ಬಸ್ಸಿಲ್ಲ. ಜೊತೆಗೆ ಇನ್ನೊಬ್ಬ ಹುಡುಗಿಯೂ ಇಲ್ಲ. ನಮ್ಮ ಊರಿನಿಂದ ಆರನೇ ತರಗತಿಗೆ ನಡೆದು ಹೋಗಬೇಕಾದವಳು ಇವಳೊಬ್ಬಳೇ. ಅಜ್ಜಿ ಸಾಕು ಓದಿದ್ದು ಎಂದುಬಿಟ್ಟಳು. ನಾನು ಅವರ ಮನೆಗೆ ಹೋದೆ. ನಡುಮನೆಯ ಗೋಡೆಯಲ್ಲಿ ಒಂದು ಕಡೆ ಬುದ್ಧನ ಫೋಟೋ, ಪಕ್ಕದಲ್ಲೇ ಊರಮ್ಮ, ಕೆಳಗೆ ಹುಡುಗಿಯ ಶಾಲೆ ಬ್ಯಾಗು ಮೊಳೆಗೆ ನೇತಾಡುತ್ತಿತ್ತು. ಅಜ್ಜಿ ಚಾಪೆ ಹಾಸಿದಳು. ಹದಿನಾಲ್ಕು ತುಂಬುವವರೆಗೆ ಶಾಲೆ ಬಿಡಿಸುವ ಹಾಗಿಲ್ಲ ಎಂಬ ಕಾನೂನನ್ನು ಹೇಳಿದೆ, ಕೇಳಿದಳು. ದಾರಿಗೆ ಯಾರಾದರೂ ಹಿರಿಯರನ್ನು ಗೊತ್ತು ಮಾಡೋಣ ಎಂದೆ, ಅದಕ್ಕೂ ಹೂಂ ಎಂದಳು. ದಾರಿಯ ಭಯ ಅವಳಿಗೆ ಅಷ್ಟೊಂದು ಇರಲಿಲ್ಲ. ಕುರಿ ಹೊಡೆದುಕೊಂಡು ಕತ್ತಲಲ್ಲಿ ಬರುವ ಹೆಂಗಸು ಅವಳು. ಅವಳ ಲೆಕ್ಕ ಬೇರೆಯೇ ಇತ್ತು. ಬುದ್ಧಿ ಇರುವ ಮಗುವಾದರೆ ಕಷ್ಟಪಟ್ಟು ಕಳಿಸಬಹುದು, ಇಲ್ಲದ್ದನ್ನು ಯಾಕೆ ದಿನಾ ಆ ಏರಿ ಮೇಲೆ ಒಂಟಿಯಾಗಿ ನಡೆಸಲಿ ಎನ್ನುವುದು.

ಹೇಳಬೇಡಿ ಎಂದು ಹುಡುಗಿ ನನ್ನನ್ನು ಕೇಳಿಕೊಂಡಿದ್ದಳು, ಅಜ್ಜಿ ಹೊಡೆಯುತ್ತದೆ ಅಂತ. ಆದರೂ ಹೇಳಿದೆ. ಇನ್ನೇನು ದಾರಿಯಿತ್ತು? ಇವಳು ದಡ್ಡಿಯಲ್ಲ, ಇವಳಷ್ಟು ಬುದ್ಧಿವಂತೆ ಆ ಕ್ಲಾಸಿನಲ್ಲೇ ಇರಲಿಲ್ಲ, ಶಾಲೆ ಉಳಿಯಲೆಂದು ಬೇಕೆಂದೇ ಫೇಲಾಗಿದ್ದಾಳೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಹುಡುಗಿ ಒಲೆಯ ಹತ್ತಿರ ಬೆನ್ನು ಮಾಡಿ ಕೂತಿದ್ದಳು. ಅಜ್ಜಿ ಪೂರ್ತಿ ಕೇಳಿದಳು. ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕಡೆಗೆ ಕನಿಕರದಿಂದ ನೋಡಿದಳು.

“ಬೇಕು ಅಂತ ಯಾರಾದ್ರೂ ಫೇಲಾಯ್ತಾರಾ ಟೀಚರಮ್ಮ? ಮಗು ಬೇಜಾರ್ ಮಾಡ್ಕೊಂಡೀತು ಅಂತ ನೀವು ಹೇಳ್ತೀರಿ, ನಿಮ್ಮ ಮನ್ಸು ಒಳ್ಳೇದು. ಹಿಟ್ಟು ಜರಡಿ ಹಿಡಿದ್ಮೇಲೆ ಉಳಿಯೋದು ಹೊಟ್ಟು ಕಣ್ರವ್ವ. ಅದು ನಮಗೂ ಗೊತ್ತು.”

ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದಲ್ಲ ಅಜ್ಜಿ ಅಂತ ನನಗೆ ಹೊಳೆದದ್ದು ತರೀಕೆರೆಯ ಬಸ್ಸಿನಲ್ಲಿ ಕೂತ ಮೇಲೆ. ಹೊಳೆದು ಪ್ರಯೋಜನವೂ ಇರಲಿಲ್ಲ. ಜರಡಿ ಕೊಟ್ಟದ್ದು ನಮ್ಮ ಶಾಲೆ, ಹಿಡಿಯುವುದನ್ನು ಕಲಿಸಿದ್ದು ನಮ್ಮ ಫ್ಲೆಕ್ಸು. ಮಕ್ಕಳು ಎರಡು ಬಗೆ ಎಂದು ವರ್ಷ ವರ್ಷ ಫೋಟೋ ಸಮೇತ ತೋರಿಸಿ, ಈಗ ಒಂದು ಮಗುವಿಗೆ ಮಾತ್ರ ಆ ಲೆಕ್ಕ ಹಿಡಿಯಬೇಡಿ ಎಂದರೆ ಅಜ್ಜಿ ಯಾಕೆ ನಂಬಬೇಕು?

ತೋಟಕ್ಕೆ ಫೋನ್ ಮಾಡಿದೆ. ಅಲ್ಲಿ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಕೆಲಸ ಬಿಟ್ಟ ಮೇಲೆ ಅಪ್ಪ ಅಲ್ಲಿಗೆ ಬಂದು ಮಾತಾಡಿದ. ವಿನಯದ ಮನುಷ್ಯ. ಪಾಸಾಗಿದ್ದರೆ ಮಾತು ಬೇರೆ ಇತ್ತು ಟೀಚರೆ, ಅವ್ವ ಹೇಳಿದ್ದೇ ಸರಿ ಕಾಣುತ್ತೆ ಎಂದ. ಅವಳು ಬೇಕೆಂದೇ ಮಾಡಿದ್ದು ಎಂದು ಅವನಿಗೂ ಹೇಳಿದೆ. ಹಾಗೆ ಮಾಡಿದ್ದರೆ ಅದು ಇನ್ನೂ ದಡ್ಡತನ ಅಲ್ವಾ ಎಂದ. ಉತ್ತರ ಕೊಡುವಷ್ಟರಲ್ಲಿ ಲೈನು ಕಟ್ಟಾಯಿತು.

ಟಿ.ಸಿ. ಪಕ್ಕದೂರಿನ ಶಾಲೆಗೆ ಹೋಯಿತು. ಹುಡುಗಿ ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಈಗಲೂ ಅವಳು ಆ ಶಾಲೆಯ ವಿದ್ಯಾರ್ಥಿನಿ. ದಾಖಲಾತಿ ಪೂರ್ತಿಯಿದೆ, ಶಾಲೆ ಬಿಟ್ಟವರು ಯಾರೂ ಇಲ್ಲ. ಆ ಶಾಲೆಯವರನ್ನು ವಿಚಾರಿಸಿದರೆ, ಬರ್ತಾಳೆ, ಆಗಾಗ ಬರ್ತಾಳೆ ಎಂದರು. ಅವರಿಗೂ ತಮ್ಮ ತರಗತಿ ಉಳಿಯಬೇಕಲ್ಲ. ನಾನು ಮೇಲಿನವರಿಗೆ ಹೇಳಿದೆ, ಇಬ್ಬರು ಬಂದು ಅಜ್ಜಿಗೆ ಬುದ್ಧಿ ಹೇಳಿ ಹೋದರು. ಮೂರು ದಿನ ಹುಡುಗಿ ಹೋದಳಂತೆ. ಮಳೆ ಹಿಡಿಯಿತು, ನಿಂತಳು. ಅಷ್ಟರಲ್ಲಿ ನನಗೆ ವರ್ಗಾವಣೆಯ ಕೌನ್ಸೆಲಿಂಗ್ ಆಗಿ ಕಡೂರು ತಾಲ್ಲೂಕಿನ ಹಿರೇನಲ್ಲೂರು ಕಡೆ ಜಾಗ ತೋರಿಸಿದರು.

ಹೊಸ ಶಾಲೆಯ ಹೆಡ್ ಮೇಡಂ ನನ್ನನ್ನು ಬಾಗಿಲಿಗೇ ಬಂದು ಕರೆದುಕೊಂಡರು. ನಿಮ್ಮ ಹೆಸರು ಕೇಳಿದ್ದೀವಿ ಮೇಡಂ, ನಮ್ಮ ಐದನೇ ಕ್ಲಾಸಿಗೂ ಆ ಪರೀಕ್ಷೆಗೆ ತಯಾರಿ ಮಾಡಿಸಿ ಎಂದರು. ಬೇಡ ಎಂದು ಹೇಳಬೇಕೆಂದು ಮನೆಯಿಂದಲೇ ನಿರ್ಧಾರ ಮಾಡಿಕೊಂಡು ಹೋಗಿದ್ದೆ. ಮರುದಿನ ಒಬ್ಬ ತಾಯಿ, ಕೊಬ್ಬರಿ ಸುಲಿದು ಒರಟಾದ ಕೈಯವಳು, ಮಗನನ್ನು ಮುಂದೆ ನಿಲ್ಲಿಸಿ ಕೈಮುಗಿದಳು. ಆ ಮಗುವಿಗೆ ಬೇಡ ಅಂತ ಹೇಳುವವರು ಯಾರಾದರೂ ಇದ್ದರೆ ಬಂದು ಹೇಳಲಿ, ನನ್ನ ಕೈಲಿ ಆಗಲಿಲ್ಲ. ಕಲಿಸುತ್ತಿದ್ದೇನೆ. ಫ್ಲೆಕ್ಸ್ ಕಟ್ಟಬೇಡಿ ಎಂದು ಜಗಳವಾಡಿದೆ. ಅವರು ಕಟ್ಟೇ ಕಟ್ಟುತ್ತಾರೆ.

ಈ ವರ್ಷ ಬೇಸಿಗೆಯಲ್ಲಿ, ಮದುವೆಯೊಂದಕ್ಕೆ ಅಜ್ಜಂಪುರಕ್ಕೆ ಹೋಗಿದ್ದೆ. ಅವತ್ತು ಸಂತೆ. ಊಟ ಮುಗಿಸಿ ಸಂತೆಯ ಹಾದಿಯಲ್ಲಿ ಬರುತ್ತಿದ್ದರೆ ಟೀಚರಮ್ಮ ಎಂದು ಕೂಗಿದ ಹಾಗಾಯಿತು. ನೋಡಿದರೆ ಅಜ್ಜಿ. ತಾಡಪಾಲಿನ ನೆರಳಿನಲ್ಲಿ ದಂಟಿನ ಸೊಪ್ಪು, ಕೊತ್ತಂಬರಿ ಹರಡಿಕೊಂಡು ಕೂತಿದ್ದಳು. ಎದ್ದು ಬಂದು ಕೈ ಹಿಡಿದಳು, ಸಣ್ಣಗಾಗಿದ್ದೀರಿ ಎಂದಳು. ಬೇಡವೆಂದರೂ ಸೊಪ್ಪಿನ ಕಟ್ಟುಗಳನ್ನು ನನ್ನ ರೇಷ್ಮೆ ಸೀರೆಯ ಮೇಲೇ ಹೇರಿದಳು. ಮೊಮ್ಮಗಳ ವಿಷಯ ಕೇಳಿದೆ. ಕುರಿ ನೋಡಿಕೊಳ್ಳುತ್ತಾಳೆ, ಅಡುಗೆ ಮಾಡುತ್ತಾಳೆ, ನನಗೆ ಈಗ ಕೈ ಹಗುರ ಎಂದಳು. ಆಮೇಲೆ ಏನೋ ನೆನಪಾಗಿ ಬಾಯಿ ತುಂಬ ನಕ್ಕಳು.

ಈಗ ಮುಗಿದ ವರ್ಷ ಊರಿನ ಶಾಲೆಯ ಐದನೇ ತರಗತಿಯಲ್ಲಿ ಮೂರು ಮಕ್ಕಳಿದ್ದರಂತೆ. ಹೇಳಿಕೊಡುವವರು ಇಲ್ಲ ಎಂದು ಅವರು ಸಂಜೆ ಇವಳ ಹತ್ತಿರ ಬಂದು ಕೂರುತ್ತಿದ್ದರಂತೆ. ಇವಳು ಕುರಿ ಕೂಡಿಹಾಕಿ, ಕೈಕಾಲು ತೊಳೆದುಕೊಂಡು, ಜಗಲಿಯ ಮೇಲೆ ಅವರಿಗೆ ಪಾಠ ಹೇಳುತ್ತಿದ್ದಳಂತೆ. ಮೂವರೂ ವಸತಿ ಶಾಲೆಯ ಪರೀಕ್ಷೆ ಪಾಸಾಗಿದ್ದಾರೆ. ಊರಿನವರು ಇವಳಿಗೆ ಒಂದು ಲಂಗ ಬ್ಲೌಸಿನ ಬಟ್ಟೆ ಕೊಟ್ಟಿದ್ದಾರೆ. ಅಜ್ಜಿ ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು, ಅಚ್ಚರಿಯೂ ಇತ್ತು.

ನನಗೆ ಉಸಿರು ಬಂದಂತಾಯಿತು. ಈಗಲಾದರೂ ತಿಳಿಯಿತಲ್ಲ ಅಜ್ಜಿ, ಇವಳನ್ನು ಈ ಜೂನಿಗಾದರೂ ಶಾಲೆಗೆ ಕಳಿಸಿ, ಏಳಕ್ಕೆ ಸೇರಿಸಿಕೊಳ್ಳುತ್ತಾರೆ, ನಾನೇ ಬಂದು ಮಾತಾಡುತ್ತೇನೆ ಎಂದೆ. ಅಜ್ಜಿ ನನ್ನ ತೋಳು ಸವರಿದಳು. ಗಿರಾಕಿಯೊಬ್ಬಳು ಕೊತ್ತಂಬರಿ ಕೇಳಿದಳು, ಅವಳಿಗೆ ಒಂದು ಕಟ್ಟು ಎತ್ತಿಕೊಟ್ಟು, ಮತ್ತೆ ನನ್ನ ಕಡೆ ತಿರುಗಿದಳು.

“ಅಯ್ಯೋ, ಇನ್ಯಾಕೆ ಬುಡ್ರವ್ವ. ಅದುಕ್ಕೆ ಓದಕ್ಕೆ ಬರ್ದಿದ್ರೂ ಹೇಳ್ಕೊಡಕ್ಕೆ ಬತ್ತದೆ. ಅಷ್ಟು ಸಾಕು.”